ಬಾಲ್ಕನಿ ಒಂದು ಬಿಟ್ಟು

…ಅಲ್ಲಕ್ಕ, ಸೋರುತ್ತೆ ಅಂದ ಮಾತ್ರಕ್ಕೆ ಮನೆ ಕೆಟ್ಟದ್ದು ಅಂತಲ್ಲ. ನಲ್ಲಿ ಸೋರುತ್ತೆ, ನಿಜ. ನನ್ನ ಮೂಗೂ ಸೋರುತ್ತೆ. ಇವನನ್ನ ಕೆಡವಿ ಹೊಸದಾಗಿ ಕಟ್ಟಿಸಿ ಅಂತ ಯಾರಾದ್ರೂ ಅಂದ್ರಾ?

ಯಾಕೆ ನಗ್ತೀಯ? ನಗು, ನಗು. ಬೆಳಿಗ್ಗೆಯಿಂದ ನಿನ್ನ ಮುಖ ಈ ಮನೆ ಕಿಟಕಿಗಿಂತ ಬಿಗಿಯಾಗಿತ್ತು.

ನೋಡು, ಲೆಕ್ಕ ಸರಳ. ನಿನ್ನ ರಿಟೈರ್ಮೆಂಟ್ ದುಡ್ಡು ಅರ್ಧ, ನನ್ನದು ಅರ್ಧ. ಕೊಳ್ಳೋದು, ರಿಪೇರಿ ಮಾಡಿಸೋದು, ಬಾಡಿಗೆಗೆ ಬಿಡೋದು. ರಿಪೇರಿ ಕೈ ಮೀರಿದ್ರೆ ಇಬ್ರೂ ಮುಳುಗಿದ್ವಿ, ಅಷ್ಟೆ. ಮನೆ ಕಟ್ಟಿ ನೋಡು ಅಂದೋರು ರಿಪೇರಿ ಮಾಡಿಸಿ ನೋಡು ಅಂತ ಯಾಕೆ ಅನ್ಲಿಲ್ಲ ಗೊತ್ತಾ? ಮಾಡಿಸಿದೋರು ಯಾರೂ ಮಾತಾಡೋ ಸ್ಥಿತೀಲಿ ಇರ್ಲಿಲ್ಲ.

ಹೂಂ, ಅಡ್ವಾನ್ಸ್ ಕೊಟ್ಟಾಯ್ತು, ನನ್ನ ಪಾಲಿಂದು. ವಾಪಸ್ ಬರಲ್ಲ. ಮೇಸ್ತ್ರೀನ ಕರ್ಕೊಂಡು ಬಂದಿದ್ದು ಆಮೇಲೆ. ತಲೆ ಬೋಳಿಸ್ಕೊಂಡು ಬಾಚಣಿಗೆ ಆರಿಸೋಕೆ ಹೋದ ಹಾಗೆ… ಇರ್ಲಿ ಬಿಡು. ಎಲ್ಲಾ ಗೋಡೆ ತಟ್ಟಿ ತಟ್ಟಿ ನೋಡ್ದ. ವೈರಿಂಗ್ ಹೊಸದಾಗಬೇಕು ಅಂದ. ಬಚ್ಚಲ ಗೋಡೆ ನೀರು ಕುಡಿದಿದೆ ಅಂದ. ಕಕ್ಕಸು ಬಾಗಿಲು ಒಳಗಡೆಗೆ ತೆರ್ಕೊಳುತ್ತೆ. ಬಾಗಿಲು ತೆಗೆದ್ರೆ ಕೂರೋಕಾಗಲ್ಲ, ಕೂತ್ರೆ ತೆಗೆಯೋಕಾಗಲ್ಲ. ಪರೀಕ್ಷೆ ಮಾಡ್ತೀನಿ ಅಂತ ನಾನು ಒಳಗೆ ಹೋಗಿ ಸಿಕ್ಕಾಕ್ಕೊಂಡೆ. ಮೇಸ್ತ್ರಿ ಕೀಲು ಕಳಚಿ ಈಚೆ ತೆಗ್ದ. ಆ ಕೂಲೀನೂ ಲೆಕ್ಕದಲ್ಲಿ ಸೇರಿಸಿದಾನೆ, ಪುಣ್ಯಾತ್ಮ.

ಬಾಲ್ಕನೀಗಾ? ಬಾಲ್ಕನೀಗೇನು! ಕಂಬಿಗೆ ಒಂದು ಕೈ ಬಣ್ಣ. ಬಾ, ಅಡುಗೆಮನೆ ತೋರಿಸ್ತೀನಿ, ಒಳ್ಳೆ ಗಾಳಿ ಬೆಳಕು…

ಮೇಸ್ತ್ರಿ ಏನಂದ ಅಂದ್ರೆ… ಏನೂ ಅನ್ಲಿಲ್ಲ. ಅವನಿಗೆ ಅರ್ಜೆಂಟಿತ್ತು. ಬಾಗಿಲಲ್ಲೇ ನಿಂತು ನೋಡ್ದ, ಹೋದ.

ಬಾಡಿಗೆಗೆ ಆಗ್ಲೇ ಒಬ್ರು ಒಪ್ಕೊಂಡಿದಾರೆ ಕಣಕ್ಕ. ಗಂಡ, ಹೆಂಡ್ತಿ, ಅವಳಿ ಹೆಣ್ಣುಮಕ್ಕಳು. ಒಂದು ಮಾತಾಡಿದ್ರೆ ಇನ್ನೊಂದು ಮುಗಿಸ್ತಾವೆ. ಆ ತಾಯಿಗೆ ಬಾಲ್ಕನಿ ಇದ್ರೆ ಸಾಕು. ಮಕ್ಕಳು ಅಲ್ಲೇ ಆಡ್ಕೊಂಡಿರ್ತಾವೆ, ನಾನು ಅಡುಗೆ ಮಾಡ್ಕೋಬಹುದು ಅಂದ್ಲು. ನಾನಾ? ನಾನು… ಹೂಂ ಅಂದೆ. ಇಲ್ಲ, ಆಚೆ ಬಿಡ್ಲಿಲ್ಲ ಅವತ್ತು. ಗಾಜಿಂದಲೇ ತೋರಿಸ್ದೆ. ಚಿಲಕ ಬಿಗಿ ಅಂತ…

ಅರೆ, ಎಷ್ಟು ಸಲೀಸಾಗಿ ತೆಗೆದ್ಬಿಟ್ಟೆ! ಕೈ ಒಳ್ಳೇದು ನಿಂದು. ಸರಿ, ತೆಗೆದಾಯ್ತಲ್ಲ, ಹಾಕು.

ಅಕ್ಕಾ, ಆಚೆ ಹೋಗಬೇಡ, ಬಿಸಿಲಿದೆ. ಮೋಡನಾ? ಹೂಂ, ಮೋಡ. ಹಾಗಾದ್ರೆ ಗಾಳಿ. ನಿಂಗೆ ಶೀತ ಬೇಗ ಆಗುತ್ತೆ… ಒರಗಬೇಡ! ಅಂದ್ರೆ… ತುಕ್ಕು, ಬಟ್ಟೆಗೆ ಹತ್ತುತ್ತೆ. ತುಕ್ಕಿನ ಕಲೆ ಹೋಗಲ್ಲ ನೋಡು.

ಸಾಕಲ್ಲ? ನೋಡಿದ್ಯಲ್ಲ? ಒಳಗೆ ಬಾ, ಲೆಕ್ಕ ಇನ್ನೊಂದ್ಸಲ ಹೇಳ್ತೀನಿ. ಬಣ್ಣ, ವೈರಿಂಗ್, ಬಚ್ಚಲು…

ಹಾಗೆ ನೋಡಬೇಡ. ನೀನು ಏನೂ ಅಂದಿಲ್ಲ, ಕುಂಬಳಕಾಯಿ ಕಳ್ಳನ ಹಾಗೆ ನಾನೇ ಹೆಗಲು ಮುಟ್ಟಿ ನೋಡ್ಕೋತಿದೀನಿ. ಬೈಯಿ ಬೇಕಾದ್ರೆ. ಬೈದು ಒಳಗೆ ಬಾ. ಅಲ್ಲ, ನೀನೇ ಹೇಳು, ಅದನ್ನೆಲ್ಲ ಒಡೆದು ಹೊಸದಾಗಿ ಹಾಕಿಸ್ತೀನಿ ಅಂದ್ರೆ ವರ್ಷಗಟ್ಟಲೆ ಬಾಡಿಗೆ ಅದಕ್ಕೇ… ಏನಿಲ್ಲ. ಏನೋ ಬಾಯಿಗೆ ಬಂತು, ಅಂದೆ.

ಕೈ ಯಾಕೆ ಚಾಚ್ತೀಯ? ನಾನಾ? ಅಲ್ಲಿಗಾ?

ನಂಗೆ ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ… ಇಲ್ಲಕ್ಕ, ಹೆದರಿಕೆ ಏನಲ್ಲ. ಕಾಲು ಜೋಮು ಹಿಡಿದಿದೆ. ಎರಡೂ. ಗೊತ್ತು, ಚಿಕ್ಕವನಿದ್ದಾಗ ಈ ಕೈ ಹಿಡ್ಕೊಂಡೇ ರಸ್ತೆ ದಾಟ್ತಿದ್ದೆ. ಗೊತ್ತು ಕಣಕ್ಕ… ಇಳಿಸು ಅದನ್ನ. ಯಾಕೆ ಹಾಗೇ ಹಿಡ್ಕೊಂಡು ನಿಂತಿದೀಯ?

ಅಕ್ಕಾ, ಅಲ್ಲಾಡಬೇಡ. ಗೋಡೆ ಮಗ್ಗುಲಿಗೆ ಬಾ. ಮೆಲ್ಲಗೆ… ಮೆಲ್ಲಗೆ ಕಾಲಿಡು. ನಾನು ಬರಲ್ಲ. ಬರಬಾರದು.

ಇಬ್ಬರನ್ನ ತಡ್ಕೊಳಲ್ಲ ಅದು.