ಜರ್ಮನಿ ಗಿರಾಕಿಗೋಳು ಯಾರವರು?

ಜತ್ತ ಸ್ಟ್ಯಾಂಡಿನಾಗ ಯಳವಿ ಬಸ್ಸಿಗೆ ಕಾಯ್ತಿದ್ದ ಶಿವಲಿಂಗವ್ವನ ಕಿವಿಯೆಲ್ಲಾ ಪಕ್ಕದ ಬೆಂಚಿನ ಕಡೆಗೇ ಇತ್ತು. ಅಲ್ಲಿ ಶಿವಶರಣ, ಅವನ ತಮ್ಮನ ಹೆಂಡತಿ ದೀಪಾಲಿ ಕುಂತಿದ್ರು. ದೀಪಾಲಿಯ ಲ್ಯಾಪ್‌ಟಾಪ್ ಬ್ಯಾಗ್ ಶಿವಶರಣನ ತೊಡಿ ಮ್ಯಾಲಿತ್ತು.

“ಜರ್ಮನಿ ಗಿರಾಕಿಗೋಳು ನಿನಗ ಕಳಸೋ ರೊಕ್ಕ ನನ್ನ ಒಣದ್ರಾಕ್ಷಿ ಕಂಪನಿಗೆ ಬರಲಿ. ಟ್ಯಾಕ್ಸ್ ಕಡಿಮಿ ಬೀಳ್ತದ.”

“ಹೆಣಿಗಿ ಡಿಸೈನ್ ಮಾಡಾಕಿ ನಾನಲ್ಲೇನ್ರಿ, ಭಾವ?”

“ನೀನಽ. ಕಂಪನಿ ನಿನಗ ಪಗಾರ ಕೊಡ್ತದ.”

“ಅಂದ್ರ ನಾ ನಿಮ್ಮ ಕೈಯಾಗಿನ ಆಳು?”

“ಕಾಗದದಾಗ ಅಷ್ಟ.”

“ನಾಳೆ ನಾ ಕೆಲಸ ಬಿಟ್ರ ಆ ಗಿರಾಕಿಗೋಳು ಯಾರವರ್ರಿ, ನನ್ನವರೋ ನಿಮ್ಮವರೋ?”

“ಮನ್ಯಾಗಿನವರ ಮ್ಯಾಲ ಸಂಶಯ ಬ್ಯಾಡವ್ವ. ಬಸ್ ಬಂತು, ಏಳು.”

“ನೀವು ಹತ್ರಿ. ನನ್ನ ಲ್ಯಾಪ್‌ಟಾಪ್ ಬ್ಯಾಗ್ ಇಲ್ಲಿ ಕೊಡ್ರಿ, ನಾ ಮುಂದಿನ ಬಸ್ಸಿಗೆ ಬರ್ತೀನಿ.”

ಶಿವಶರಣ ಬರಿಗೈಲೆ ಹತ್ತಿದ. ಅವನ ಬಾಜೂಕ ಸೀಟು ಖಾಲಿ ಇತ್ತು. ಅವನ ಹಿಂದಽ ಹತ್ತಿದ ಶಿವಲಿಂಗವ್ವ ಅಲ್ಲಿ ಕೂಡದ, ತನ್ನ ಕೈಚೀಲ ಬಗಲಾಗ ಅವಚಿಕೊಂಡು ಯಳವಿ ಮಟ ನಿಂತಽ ಹೋದಳು.