ಹದಿನೆಂಟು ತಗ್ಗು

ಅಮೀನಗಡದ ಬಸ್ ನಿಲ್ದಾಣದಲ್ಲಿ ಮಾಯವ್ವ ಮಡಿಲ ತುಂಬ ಲಿಂಬಿ ಸಸಿ ಇಟ್ಟುಕೊಂಡು ಕೂತಿದ್ದಳು. ಅವಕ್ಕೆ ತಗ್ಗು ತೋಡಬೇಕಾದ ಗಂಡ ಎರಡು ವರ್ಷದಿಂದ ‘ನಾಳೆ’ ಎನ್ನುತ್ತಿದ್ದ. ಪಕ್ಕದಲ್ಲೊಬ್ಬ ಹಿರಿಯ, ಲೋಹ ಹುಡುಕುವ ಯಂತ್ರವನ್ನು ಅದರ ಒಡೆಯನಿಗೆ ಮರಳಿಸುತ್ತಿದ್ದ.

“ತಗೋ ನವೀದ, ನಿನ್ನ ಮಷೀನು. ಹೆಜ್ಜಿಗೊಮ್ಮೆ ಒದರತೈತಿ. ಹೊಲದಾಗ ಹದಿನೆಂಟು ತಗ್ಗು ತೋಡಿದೆ, ನನ್ನ ಹೇಣ್ತಿ ಮಲ್ಲಮ್ಮನ ಕಿವಿಯ ಬೆಂಡೋಲಿ ಸಿಗಲಿಲ್ಲ.”

“ಹುಲ್ಲಪ್ಪ ಕಾಕಾ, ಮೊದಲ ನೆಲಕ್ಕ ಹೊಂದಿಸಿದ್ರಿಲ್ಲೋ?”

“ಹೊಂದಿಸಿದ್ನೆಪಾ, ಮನಿ ಅಂಗಳದಾಗ.”

“ಅಂಗಳಕ್ಕ ಇಳಕಲ್ ಕಲ್ಲು ಹಾಸೀರಿ, ಹೊಲಾ ಕೆಂಪು ಮಸಾರಿ! ಆ ಮಣ್ಣಾಗ ಕಬ್ಬಿಣದ ಅಂಶ ಭಾಳ. ಹೊಲದಾಗ ನಿಂತು ಹೊಂದಿಸಬೇಕ್ರಿ. ನಾಳೆ ನಾನ ಬರ್ತೇನಿ.”

“ಬ್ಯಾಡೋ. ಬೆಂಡೋಲಿ ಅಕಿ ಸೆರಗಿನ ಗಂಟಿನಾಗ ಇತ್ತಂತ.”

“ಹಂಗಾರ ತಗ್ಗು ಮುಚ್ಚಿದ್ರೇನು?”

“ಎಲ್ಲಿ ಮುಚ್ಚೂದು? ಮುಂಜಾನೆ ನೋಡಿದ್ರ ಎಲ್ಲಾದ್ರಾಗೂ ಲಿಂಬಿ ಸಸಿ ಹಚ್ಚಿ ನೀರು ಹಾಕ್ಯಾಳ.”

ನವೀದ ನಗು ನುಂಗಿಕೊಂಡ. “ಸಸಿ ಯಾವಾಗ ತಂದಿದ್ರು?”

“ಹೋದ ವಾರ, ಬೆಂಡೋಲಿ ಕಳಿಯೂಕಿಂತ ಮೊದಲ. ಯಾಕ?”

“ತಗ್ಗು ಹದಿನೆಂಟಕ್ಕ ಯಾಕ ನಿಲ್ಲಿಸಿದ್ರಿ?”

“ಅಕಿನ ಅಂದ್ಲು, ಹದಿನೆಂಟಾತು, ಸಾಕು ಬಿಡ್ರಿ ಅಂತ.”

ಬಸ್ ಬಂತು. ಇಬ್ಬರೂ ಯಂತ್ರ ಹಿಡಿದು ಹತ್ತಿಹೋದರು.

ಮಾಯವ್ವ ಮಡಿಲಲ್ಲಿದ್ದ ಸಸಿಗಳನ್ನು ಎಣಿಸಿದಳು. ಹನ್ನೆರಡಿದ್ದವು. ಆಮೇಲೆ ಒಂದು ಕಿವಿಯ ಬೆಂಡೋಲಿ ಮೆಲ್ಲಗೆ ಬಿಚ್ಚಿ, ಸೆರಗಿನ ತುದಿಗೆ ಗಟ್ಟಿಯಾಗಿ ಗಂಟು ಹಾಕಿಕೊಂಡಳು.