ಗಿರಮಿಟ್ಟು ತರಿಸಿದ ದಿನ

ವೇದಿಕೆಯ ಮೇಲಿರುವ ಮುಖ್ಯಾಧ್ಯಾಪಕರೆ, ಸಹೋದ್ಯೋಗಿಗಳೆ, ಬೈರಿದೇವರಕೊಪ್ಪದಿಂದ ಬಂದಿರುವ ಹಿರಿಯರೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಟೀಚರ ಯಜಮಾನರು ಶಶಿಕುಮಾರ ಅವರೆ, ಮಗಳು ಮಾನಸಿ — ಎಲ್ಲರಿಗೂ ನನ್ನ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ಯಶೋಧರಾ ಟೀಚರು ತೀರಿಕೊಂಡು ಇವತ್ತಿಗೆ ಹದಿಮೂರು ದಿವಸ. ಹತ್ತೊಂಬತ್ತು ವರ್ಷ ಅವರ ಜೊತೆ ಕೆಲಸ ಮಾಡಿದವನು ಅಂತ ನನ್ನನ್ನು ಎರಡು ಮಾತಾಡಲು ಕರೆದಿದ್ದಾರೆ.

ನಾ ಡ್ರಿಲ್ ಮಾಸ್ತರ. ಶಾಬುದ್ದೀನ ಅಂದ್ರ ಇಲ್ಲಿ ಹುಡುಗರಿಗೆ ಗೊತ್ತಾಗೂದಿಲ್ಲ, ಪೀಟಿ ಸರ ಅಂದ್ರ ಗೊತ್ತಾಗತೈತಿ. ನನಗ ಸೀಟಿ ಹೊಡದು ರೂಢಿ, ಭಾಷಣ ಮಾಡಿ ರೂಢಿ ಇಲ್ಲ. ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ.

ಇಲ್ಲಿ ಮಾತಾಡಿದವರೆಲ್ಲಾ ಒಂದ ಮಾತ ಹೇಳಿದ್ರಿ. ಟೀಚರು ಕಡೀತನಕ ನಗನಗತಾ ಇದ್ರು, ಅವರ ಧೈರ್ಯ ನಮಗೆಲ್ಲಾ ಮಾದರಿ — ಅಂತ. ಖರೇ ಐತಿ. ನಗನಗತಾನ ಇದ್ರು. ಆದ್ರ ಆ ನಗಿ ಎಲ್ಲಿಂದ ಬಂತು ಅನ್ನೂದು ನನಗ ಗೊತ್ತೈತಿ. ಅದನ್ನ ಹೇಳಾಕ ನಿಂತೇನಿ. ಮೊನ್ನಿ ಮನಿಗೆ ಹೋಗಿ ಶಶಿಕುಮಾರ ಅವರ ಮುಂದ ಹೇಳಿ ಬಂದೇನಿ. ಅವರು ಅಂದ್ರು — "ಎಲ್ಲಾರ ಮುಂದೂ ಹೇಳ್ರಿ ಸರ." ಅದಕ್ಕ ಹೇಳಾಕತ್ತೇನಿ.

ಟೀಚರು ಎಂಥಾವರು ಅನ್ನೂದಕ್ಕ ಒಂದ ಸಂಗತಿ. ಒಂದ ವರ್ಷ ಜನವರಿ ಇಪ್ಪತ್ತಾರರ ಕವಾಯತು ನಡದಿತ್ತು. ಬಿಸಲಾಗ ಸಾಲ ಹಚ್ಚಿ ನಿಂದರಸಿದ್ನಿ. ಟೀಚರು ವರಾಂಡಾದಿಂದ ಇಳದ ಬಂದ್ರು. "ಸರ, ಮೂರನೇ ಸಾಲಿನ್ಯಾಗ ಆ ಹುಡುಗಿ ಮಾರಿ ಬೆಳ್ಳಗಾಗೈತಿ, ಕುಂದರಸ್ರಿ." ನಾ ಅಂದ್ನಿ, "ನಾಟಕ ಮಾಡಾಕತ್ತಾಳ್ರಿ, ನಿಮಗ ಗೊತ್ತಾಗೂದಿಲ್ಲ." ಅವರು ನನ್ನ ಮಾತ ಕೇಳಲಿಲ್ಲ. ಸೀದಾ ಸಾಲಿನ್ಯಾಗ ಹೋಗಿ ಆಕೀನ ಕೈ ಹಿಡದು ನೆರಳಿಗೆ ಕರಕೊಂಡ ಹೋದ್ರು. ಆ ಹುಡುಗಿ ಹಿಂದಿನ ದಿನದಿಂದ ಉಂಡಿರಲಿಲ್ಲ. ಟೀಚರು ಹಂಗ — ಮಾರಿ ನೋಡಿ ಕೇಳವರು. ನಾವು ಅವರ ಮಾರಿ ನೋಡಿ ಕೇಳಲಿಲ್ಲ.

ಹೋದ ವರ್ಷ ದೀಪಾವಳಿ ಮುಂದ ಅವರಿಗೆ ಪುಪ್ಪುಸದ ಕ್ಯಾನ್ಸರ್ ಅಂತ ಗೊತ್ತಾತು. ಬೀಡಿ ಇಲ್ಲ, ತಂಬಾಕ ಇಲ್ಲ, ಏನೂ ಇಲ್ಲ. ನಾವೆಲ್ಲಾ ಮುಗೀತು ಅಂದಕೊಂಡ್ವಿ. ಕೂದಲಾ ಉದರತಾವ, ಹಾಸಿಗಿ ಹಿಡೀತಾರ ಅಂತ ಹೆದರಿದ್ವಿ. ಹಂಗೇನೂ ಆಗಲಿಲ್ಲ. ಗಡ್ಡಿದು ಒಂದ ಚೂರ ತಗೊಂಡು ಜೀನ್ ತಪಾಸಣಿ ಮಾಡಿದ್ರು. ಆ ಜೀನಿಗೆ ತಕ್ಕ ಹೊಸಾ ಗುಳಿಗಿ ಬಂದೈತಿ, ದಿನಕ್ಕ ಒಂದ, ಮನ್ಯಾಗ ಕುಂತ ನುಂಗೂದು. ಸಂಕ್ರಾಂತಿ ಆಗೂದರಾಗ ಟೀಚರು ಹೊಳ್ಳಿ ಸಾಲಿಗೆ ಬಂದ್ರು — ಕೈಯಾಗ ಸೀಮೆಸುಣ್ಣ ಹಿಡಕೊಂಡು.

ಬಂದ ದಿನಾನ ಸ್ಟಾಫ್ ರೂಮಿನ ಬೋರ್ಡಿನ ಮ್ಯಾಲ ನಮಗೆಲ್ಲಾ ಪಾಠ ಮಾಡಿದ್ರು. "ಮೊದಲಿನ ಔಷಧ ಅಂದ್ರ ಹೊಲಕ್ಕೆಲ್ಲಾ ಎಣ್ಣಿ ಹೊಡದಂಗ್ರಿ, ಕಸಾನೂ ಸಾಯತೈತಿ, ಪೀಕೂ ಬಾಡತೈತಿ. ಇದು ಹಂಗಲ್ಲ. ಬೀಗ ನೋಡಿ ಮಾಡಿದ ಕೀಲಿ." ಗುರುಶಿದ್ದಪ್ಪ ಸರ ಕೇಳಿದ್ರು, "ಅಂದ್ರ ಪೂರಾ ಆರಾಮ ಏನ್ರಿ?" ಟೀಚರು ಇಲ್ಲ ಅಂತ ತಲಿ ಅಳ್ಳಾಡಿಸಿ, ಬೋರ್ಡಿನ ಕೆಳಗ ಒಂದ ಸಾಲ ಬರದ್ರು. ಹೊಸ ಕೆಮ್ಮು, ದಮ್ಮು, ಜ್ವರ — ಅದೇ ದಿನ ಡಾಕ್ಟರಿಗೆ ತಿಳಿಸಬೇಕು. ಈ ಗುಳಿಗಿ ನೂರರಾಗ ಮೂರ್ನಾಕ ಮಂದಿಗೆ ಪುಪ್ಪುಸಕ್ಕ ಬಾವು ತರತೈತಂತ. ಲಗೂ ಹೇಳಿದ್ರ ಗುಳಿಗಿ ನಿಲ್ಲಿಸಿ ಬ್ಯಾರೆ ಔಷಧ ಕೊಡತಾರ, ಭಾಳ ಮಂದಿ ಪಾರಾಗತಾರ. ತಡಾ ಆದ್ರ ಕಷ್ಟ.

ನಾ ಏನ ಮಾಡಿದ್ನಿ ಗೊತ್ತೇನ್ರಿ? ಎದ್ದು ಹೋಗಿ ಆ ಸಾಲ ಒರಿಸಿದ್ನಿ. ಹಿಂಗ — ಅಂಗೈಲೆ. "ಟೀಚರ, ಆರಾಮಾಗಿ ಬಂದೀರಿ, ಅಪಶಕುನದ ಮಾತ ಯಾಕ? ಪಾಸಿಟಿವ್ ಇರ್ರಿ" ಅಂದ್ನಿ. ಎಲ್ಲಾರೂ ಚಪ್ಪಾಳಿ ಹೊಡದ್ರು. ಟೀಚರು ನಕ್ಕು ಹೇಳಿದ್ರು, "ಗುಳಿಗಿ ನನ್ನ ನಗಿ ನೋಡಿ ಕೆಲಸಾ ಮಾಡೂದಿಲ್ಲರಿ ಸರ." ಅದಕ್ಕೂ ನಕ್ವಿ.

ಅಲ್ಲಿಗೆ ಬಿಡಲಿಲ್ಲ ನಾ. ಅವತ್ತ ಒಂದ ಕಾಯಿದೆ ಮಾಡಿದ್ನಿ. ಸ್ಟಾಫ್ ರೂಮಿನ್ಯಾಗ ಯಾರೂ ಗೋಳ ಹೇಳಂಗಿಲ್ಲ. ತಲಿನೋವು, ಮೈಕೈ ನೋವು, ಮನಿ ತಾಪತ್ರಯ — ಏನೂ ಬಾಯಿ ಬಿಡಂಗಿಲ್ಲ. ಬಿಟ್ಟವರು ಗೇಟಿನ ಮುಂದಿನ ಅಂಗಡಿಯಿಂದ ಎಲ್ಲಾರಿಗೂ ಚುರಮರಿ ಗಿರಮಿಟ್ಟು ತರಸಬೇಕು, ಮಿರ್ಚಿ ಭಜಿ ಸಹಿತ. ಗುರುಶಿದ್ದಪ್ಪ ಸರ ತಮ್ಮ ಮೊಣಕಾಲಿನ ಸಲುವಾಗಿ ಮೂರ ಸರ್ತಿ ತರಿಸಿದ್ರು. ಭಾಳ ಛಲೋ ನಡೀತು. ಟೀಚರ ಸಲುವಾಗಿ ಮಾಡೇವಿ ಅಂತ ನಮಗ ಭಾಳ ಅಭಿಮಾನ ಇತ್ತು.

ಬ್ಯಾಸಿಗ್ಯಾಗ ಸ್ಕ್ಯಾನ್ ಮಾಡಿಸಿದ್ರು. ಗಡ್ಡಿ ಅರ್ಧಕ್ಕ ಇಳದಿತ್ತು. ಔಷಧ ಸೋತಿರಲಿಲ್ಲರಿ — ಇದನ್ನ ನೆನಪಿಟ್ಟಕೋರಿ. ಔಷಧ ಸೋಲಲಿಲ್ಲ.

ಸಾಲಿ ಚಾಲೂ ಆಗಿ ತಿಂಗಳಾಗಿರಬೇಕು, ಟೀಚರಿಗೆ ಕೆಮ್ಮ ಹತ್ತಿತು. ಒಣ ಕೆಮ್ಮು. ಬಿಸಿಯೂಟ ಮಾಡೂ ಗುಲ್ಜಾರಬಿ ಒಬ್ಬಾಕಿ ಕೇಳಿದ್ಲು. "ಟೀಚರ, ನಾಕ ದಿನಾ ಆತು ಕೆಮ್ಮಾಕತ್ತೀರಿ, ತೋರಿಸಿದ್ರಿಲ್ಲೋ?" ನಾ ಅಲ್ಲೇ ಇದ್ನಿ. ಗುಲ್ಜಾರಬಿಗೆ ಗದರಿಸಿದ್ನಿ — "ಬೂವಾ, ಅವರ ಮುಂದ ರೋಗದ ಮಾತ ತಗೀಬ್ಯಾಡ." ಗುಲ್ಜಾರಬಿ ಅಡಗಿ ಕ್ವಾಣಿಗೆ ಹೊಳ್ಳಿ ಹೋದ್ಲು. ಟೀಚರು ನನ್ನ ಕಡೆ ನೋಡಿ ಅಂದ್ರು, "ಸೀಮೆಸುಣ್ಣದ ಧೂಳ ಬಿಡ್ರಿ." ನಾ ಅದನ್ನ ನಂಬಿದ್ನಿ. ನಂಬೂದು ಹಗರ ಇತ್ತು.

ಕೆಮ್ಮ ಹತ್ತಿದ ಹನ್ನೊಂದನೇ ದಿನ. ಗುರುವಾರ. ಮಧ್ಯಾಹ್ನದ ಬಿಡುವಿನ್ಯಾಗ ಟೀಚರು ಎರಡೂ ಕೈಯಾಗ ಪೊಟ್ಟಣ ಹಿಡಕೊಂಡ ಬಂದ್ರು. ಬಾಗಲದಾಗ ನಿಂತ್ರು. ಗೇಟಿನಿಂದ ಇಲ್ಲೀತನಕ ನಡದು ಬಂದದ್ದಕ್ಕ ಉಸರ ಹತ್ತಿತ್ತು. ಪೊಟ್ಟಣ ಮೇಜಿನ ಮ್ಯಾಲ ಇಟ್ಟು ಅಂದ್ರು — "ಇವತ್ತ ನಂದು."

ಗಿರಮಿಟ್ಟು.

ಕಾಯಿದೆ ಮಾಡಿದವನು ನಾ. ಗಿರಮಿಟ್ಟು ಬಂತಂದ್ರ ಏನ ಅರ್ಥ ಅಂತ ನನಗ ಗೊತ್ತಿರಬೇಕಿತ್ತು. ಒಬ್ಬರು ಏನೋ ಹೇಳೂದೈತಿ ಅಂತ ಅರ್ಥ. ದಂಡಾ ಮೊದಲ ಕೊಟ್ಟು, ಆಮ್ಯಾಲೆ ಹೇಳಾಕ ನಿಂತಿದ್ರು ಅವರು. ನಾ ಪೊಟ್ಟಣ ಬಿಚ್ಚಿ ಏನ ಅಂದ್ನಿ? "ಓಹೋ, ಟೀಚರ ಪಾರ್ಟಿ! ಸ್ಕ್ಯಾನ್ ಛಲೋ ಬಂದದ್ದಕ್ಕ ಅಲ್ಲೇನ್ರಿ?" ಎಲ್ಲಾರೂ ನಕ್ಕು ಕೈ ಹಾಕಿದ್ರು. ಟೀಚರು ಇನ್ನೂ ನಿಂತಿದ್ರು. ಬಾಯಿ ತಗದಿದ್ರು. ಅದನ್ನ ನಾ ನೋಡೇನಿ, ಸುಳ್ಳ ಹೇಳೂದಿಲ್ಲ — ಬಾಯಿ ತಗದದ್ದನ್ನ ನೋಡೇನಿ. ಆಮ್ಯಾಲೆ ಮುಚ್ಚಿ, ನಕ್ಕು ಅಂದ್ರು, "ತಿನ್ರಿ ಸರ, ಮೆತ್ತಗಾಗತೈತಿ."

ಅವರು ತಿನ್ನಲಿಲ್ಲ. ಕಿಟಕಿ ಬಾಜೂಕ ಎದಿ ಮ್ಯಾಲ ಕೈ ಇಟಗೊಂಡ ಕುಂತಿದ್ರು. ಅವರ ಪಾಲಿನ ಮಿರ್ಚೀನೂ ನಾನ ತಿಂದ್ನಿ.

ಶನಿವಾರ ದವಾಖಾನಿಗೆ ಒಯ್ದ್ರು. ಬೋರ್ಡಿನ ಮ್ಯಾಲ ಬರದಿದ್ದ ಅದ ಬಾವು, ಎರಡೂ ಪುಪ್ಪುಸಕ್ಕ ಹಬ್ಬಿತ್ತು. ಅಲ್ಲಿಂದ ಒಂಬತ್ತ ದಿನಾ ಇದ್ರು. ಡಾಕ್ಟರು ಯಾರನ್ನೂ ಬಯ್ಯಲಿಲ್ಲ. "ಒಂದ ವಾರ ಮೊದಲ ಫೋನ್ ಮಾಡಿದ್ರ ನೋಡಬಹುದಿತ್ತು" ಅಂದ್ರು, ಅಷ್ಟ.

ಮಾನಸಿ ನನ್ನ ಕೇಳಿದ್ಲು — "ಅಂಕಲ್, ಮಮ್ಮಿಗೆ ಎಲ್ಲಾ ಗೊತ್ತಿತ್ತಲ್ರಿ, ಯಾಕ ಹೇಳಲಿಲ್ಲ?" ನಿಮಗೂ ಅನಿಸಿರಬೇಕು. ಗುಳಿಗಿ ಡಬ್ಬಿಯೊಳಗಿನ ಚೀಟ್ಯಾಗ ಆ ಕೆಮ್ಮು-ದಮ್ಮಿನ ಸಾಲಿಗೆ ಅವರ ಕೆಂಪ ಪೆನ್ನಿನ ಗೆರಿ ಐತಿ, ನಾ ನೋಡೇನಿ. ಆಂಬುಲೆನ್ಸಿನ್ಯಾಗ ಶಶಿಕುಮಾರ ಅವರೂ ಇದನ್ನ ಕೇಳ್ಯಾರ. ಟೀಚರು ಹೇಳಿದ್ದು ಇಷ್ಟ — "ಎಲ್ಲಾರೂ ನಾ ಆರಾಮ ಆದ್ನಿ ಅಂತ ಖುಷಿ ಇದ್ರು. ಹೆಂಗ ಹೇಳಲಿ?"

ಜಗತ್ತಿನ್ಯಾಗ ಎಷ್ಟೋ ಮಂದಿ ಶಾಣ್ಯಾರು ಕೂಡಿ, ಎಷ್ಟೋ ವರ್ಷ ದುಡದು, ಅಂಥಾ ಗುಳಿಗಿ ಮಾಡಿ ಕೊಟ್ರು. ಅದು ನಮ್ಮಿಂದ ಕೇಳಿದ್ದು ಒಂದ — ಮೈಯಾಗ ಸರಿ ಇಲ್ಲಂದ್ರ ಹೇಳ್ರಿ ಅಂತ. ಆ ಒಂದನ್ನ ನಾ ಅಂಗೈಲೆ ಒರಿಸಿದ್ನಿ. ಬರೂ ವರ್ಷ ಇದಕ್ಕಿಂತ ಛಲೋ ಗುಳಿಗಿ ಬರತಾವಂತ. ಬರಲಿ. ನಮ್ಮ ಟೀಚರಿಗೆ ಬರೂದಿಲ್ಲ.

ಸಭಾ ಮುಗದ ಮ್ಯಾಲ ಯಾರೂ ನನಗ ಸಮಾಧಾನ ಹೇಳಾಕ ಬರಬ್ಯಾಡ್ರಿ. ನಿಮಗ ಕೈ ಮುಗೀತೇನಿ. ಧೈರ್ಯ ತಗೋರಿ, ಎಲ್ಲಾ ಹಣೇಬರಾ ಅನಬ್ಯಾಡ್ರಿ. ಹಣೇಬರಾ ಅಲ್ಲ ಇದು. ನಿನ್ನಿ ಗುರುಶಿದ್ದಪ್ಪ ಸರ ಕುರ್ಚಿ ಮ್ಯಾಲಿಂದ ಏಳಾಕ ಹೋಗಿ "ಅಯ್ಯೋ" ಅಂದು, ಪಟ್ಟನ ಬಾಯಿ ಮುಚ್ಚಕೊಂಡ್ರು. ಆ ಕಾಯಿದೆ ಇನ್ನೂ ನಮ್ಮ ಬಾಯಾಗ ಕುಂತೈತಿ. ಹೆಂಗ ತಗೀಬೇಕೋ ನನಗ ತಿಳೀವಲ್ದು.

ಇಪ್ಪತ್ತೆರಡು ವರ್ಷ ಮೈದಾನದಾಗ ಬಿದ್ದ ಮಕ್ಕಳಿಗೆ, "ಏನೂ ಆಗಿಲ್ಲ, ಏಳು" ಅಂದವ ನಾ. ಬಗ್ಗಿ ಮೊಣಕಾಲ ನೋಡದನ ಅಂದೇನಿ. ಇವತ್ತ ಹಂಗ ಅನ್ನೂದಿಲ್ಲ. ಆಗೈತಿ. ಆಗಬಾರದ್ದು ಆಗೈತಿ.

ಅಗಲಿದ ಯಶೋಧರಾ ಟೀಚರಿಗೆ ಗೌರವ ಸಲ್ಲಿಸಲು ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕೆಂದು ಬೇಡಿಕೊಳ್ಳುತ್ತೇನೆ. ಮೊಣಕಾಲ ನೋವಿದ್ದವರು ಕುಂದರ್ರಿ, ನಡೀತೈತಿ. ಟೀಚರು ಹನ್ನೊಂದ ದಿವಸ ಸುಮ್ಮನಿದ್ರು. ನಾವು ಎರಡು ನಿಮಿಷ ಮೌನವಾಗಿರೋಣ. ಈ ಎರಡು ನಿಮಿಷದಾಗ ಯಾರಿಗರ ಕೆಮ್ಮ ಬಂತಂದ್ರ — ತಡಕೋಬ್ಯಾಡ್ರಿ. ಕೆಮ್ಮರಿ.